ಶೆಲ್ಟರಿನಿಂದ ನಾಯಿ ತರುವ ಮುಂಚೆ, ತಂದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಾರದ ರಜೆಯ ದಿನ ನಾನು ನಾಯಿಗಳ ಶೆಲ್ಟರಿನಲ್ಲಿ ಕೆಲಸಕ್ಕೆ ಕೈ ಹಾಕುತ್ತೇನೆ. ಗೂಡು ತೊಳೆಯುವುದು, ನಾಯಿಗಳನ್ನು ಸುತ್ತಾಡಿಸುವುದು, ನೋಡಲು ಬಂದವರ ಜೊತೆ ಮಾತಾಡುವುದು, ಇಷ್ಟೇ. ಮನೆಯಲ್ಲಿರುವ ಎರಡು ನಾಯಿಗಳೂ ಹೀಗೆ ಬಂದವೇ. ಜನ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ಬಾಯಿಪಾಠ ಆಗಿದೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಶೆಲ್ಟರಿಗೆ ಬಂದಿದೆ ಅಂದರೆ ಆ ನಾಯಿಯಲ್ಲಿ ಏನೋ ಐಬು ಇರಬೇಕು, ಅಲ್ವಾ?

ಬಹಳ ಸಲ ಐಬು ಇರುವುದು ಮನುಷ್ಯರ ಕಡೆ. ಮನೆ ಬದಲಾಯಿತು, ಹೊಸ ಮನೆಯವರು ನಾಯಿ ಬೇಡ ಅಂದರು. ಸಾಕಿದ ಅಜ್ಜಿ ತೀರಿಕೊಂಡರು. ಮರಿಯಾಗಿದ್ದಾಗ ಮುದ್ದಾಗಿತ್ತು, ಬೆಳೆದ ಮೇಲೆ ಬೇಸರವಾಯಿತು. ಇನ್ನು ಕೆಲವು ದಾರಿ ತಪ್ಪಿದವು, ಬೀದಿಯಲ್ಲೇ ಹುಟ್ಟಿದವು, ಗಾಡಿಗೆ ಸಿಕ್ಕಿ ಗಾಯವಾಗಿ ಬಂದವು.

ನಿಜವಾಗಿಯೂ ಕಷ್ಟ ಕೊಡುವ ನಾಯಿಗಳೂ ಇರುತ್ತವೆ, ಇಲ್ಲ ಅನ್ನುವುದಿಲ್ಲ. ಅದಕ್ಕೇ ಮೊದಲು ಕೇಳಬೇಕಾದ್ದು "ಇದು ಇಲ್ಲಿಗೆ ಹೇಗೆ ಬಂತು?" ಅಂತ. "ಗೊತ್ತಿಲ್ಲ" ಅಂದರೆ ಅದೂ ಸರಿಯಾದ ಉತ್ತರವೇ. ಯಾವ ನಾಯಿಯ ಬಗ್ಗೆ ಕೇಳಿದರೂ "ತುಂಬಾ ಒಳ್ಳೇದು, ಏನೂ ತೊಂದರೆ ಇಲ್ಲ" ಅನ್ನುವವರ ಹತ್ತಿರ ಮಾತ್ರ ನಾನು ಸ್ವಲ್ಪ ಹುಷಾರಾಗುತ್ತೇನೆ.

ಇಷ್ಟೊಂದು ನಾಯಿಗಳಲ್ಲಿ ಯಾವುದನ್ನು ಆರಿಸಲಿ?

ನಾಯಿ ನೋಡುವ ಮುಂಚೆ ನಿಮ್ಮ ದಿನ ನೋಡಿಕೊಳ್ಳಿ. ನಿನ್ನೆ ಎಷ್ಟು ಗಂಟೆಗೆ ಎದ್ದಿರಿ, ಎಷ್ಟು ಹೊತ್ತು ಮನೆಯಲ್ಲಿದ್ದಿರಿ, ಎಷ್ಟು ನಡೆದಿರಿ, ಒಂದು ಹಾಳೆಯಲ್ಲಿ ಬರೆಯಿರಿ. "ನಾಯಿ ಬಂದ ಮೇಲೆ ಬೆಳಿಗ್ಗೆ ಬೇಗ ಎದ್ದು ಓಡುತ್ತೇನೆ" ಅನ್ನುವುದನ್ನು ಬರೆಯಬೇಡಿ. ಓಡುವವರು ಈಗಲೇ ಓಡುತ್ತಿರುತ್ತಾರೆ.

ಆ ಹಾಳೆಗೆ ಹೊಂದುವ ನಾಯಿ ಬೇಕು. ಒಮ್ಮೆ ಇಬ್ಬರು ಫೋನಿನಲ್ಲಿ ಫೋಟೋ ಹಿಡಿದುಕೊಂಡೇ ಬಂದರು. ಒಂದು ವರ್ಷದ ನಾಯಿ, ಒಂದು ಕಣ್ಣು ನೀಲಿ, ಇನ್ನೊಂದು ಕಂದು. ಹೊರಗೆ ಬಿಟ್ಟ ಹತ್ತು ನಿಮಿಷಕ್ಕೆ ಅದು ಅವರ ಬ್ಯಾಗಿನ ಪಟ್ಟಿ ಕಚ್ಚಿ ತುಂಡು ಮಾಡಿತು. ಆಮೇಲೆ ಕೂತು ಮಾತಾಡಿದೆವು. ಇಬ್ಬರಿಗೂ ಇಡೀ ದಿನ ಕೂತು ಮಾಡುವ ಕೆಲಸ, ಸಂಜೆ ಒಂದು ಸುತ್ತು ನಡೆದರೆ ಜಾಸ್ತಿ. ಕೊನೆಗೆ ಅವರು ಕರೆದುಕೊಂಡು ಹೋಗಿದ್ದು ಫೋಟೋವನ್ನೇ ಹಾಕದಿದ್ದ ಏಳು ವರ್ಷದ ಹೆಣ್ಣು ನಾಯಿಯನ್ನು. ಅದು ಅವರ ಕಾಲ ಹತ್ತಿರ ಬಂದು ನಿಟ್ಟುಸಿರು ಬಿಟ್ಟು ಮಲಗಿತ್ತು.

ಇನ್ನೊಂದು ವಿಷಯ. ಗೂಡಿನೊಳಗಿನ ನಾಯಿಯನ್ನು ನೋಡಿ ತೀರ್ಮಾನಕ್ಕೆ ಬರಬೇಡಿ. ಸುತ್ತ ಹತ್ತಾರು ನಾಯಿ ಬೊಗಳುವ ಜಾಗದಲ್ಲಿ ಯಾರ ಸ್ವಭಾವವೂ ಸರಿಯಾಗಿ ಕಾಣುವುದಿಲ್ಲ. ಕಂಬಿಯ ಮೇಲೆ ಹಾರಿ ಬೊಗಳುವುದು ಹೊರಗೆ ಬಂದರೆ ಮೇಣದ ಹಾಗೆ ಕರಗಬಹುದು. ಹೊರಗೆ ಕರೆತರಲು ಹೇಳಿ, ಇಪ್ಪತ್ತು ನಿಮಿಷ ಜೊತೆಗೆ ನಡೆಯಿರಿ. ಸಾಧ್ಯವಾದರೆ ಇನ್ನೊಂದು ದಿನ, ಬೇರೆ ಹೊತ್ತಿನಲ್ಲಿ ಮತ್ತೆ ಬನ್ನಿ. ಬಣ್ಣ, ಕಿವಿ, ಕಣ್ಣು ಎಲ್ಲ ಕೊನೆಗೆ.

ಮರಿ ತರುವುದಾ, ದೊಡ್ಡ ನಾಯಿಯಾ?

ನನ್ನನ್ನು ಕೇಳಿದರೆ ಮೊದಲ ಸಲ ಸಾಕುವವರಿಗೆ ಎರಡು ವರ್ಷ ದಾಟಿದ ನಾಯಿಯೇ ವಾಸಿ. ಎಷ್ಟು ಎತ್ತರ ಬೆಳೆಯುತ್ತದೆ, ಎಷ್ಟು ಹುರುಪು, ಮಕ್ಕಳನ್ನು ಕಂಡರೆ ಹೇಗೆ ಅನ್ನುವುದೆಲ್ಲ ಆಗಲೇ ಸುಮಾರಾಗಿ ಗೊತ್ತಿರುತ್ತದೆ. ಮರಿ ಅಂದರೆ ಲಾಟರಿ. ಮಿಶ್ರತಳಿಯ ಮರಿಯ ಪಾದ ನೋಡಿ ದೊಡ್ಡದಾಗುತ್ತೋ ಚಿಕ್ಕದಾಗುತ್ತೋ ಹೇಳುವವರಿದ್ದಾರೆ. ನಾನು ಊಹಿಸಿದ್ದು ಸರಿಯಾಗಿದ್ದಕ್ಕಿಂತ ತಪ್ಪಾಗಿದ್ದೇ ಜಾಸ್ತಿ.

ಮರಿಯೇ ಬೇಕು ಅಂದರೆ ಎಂಟು ವಾರಕ್ಕೆ ಮುಂಚೆ ತಾಯಿಯಿಂದ ಬಿಡಿಸಿದ್ದನ್ನು ಕೇಳಿ ತರಬೇಡಿ. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ಮರಿ ಕಂಡದ್ದು ಕೇಳಿದ್ದೆಲ್ಲ ಅದರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಆ ಹೊತ್ತಿನಲ್ಲಿ ಛತ್ರಿ, ಟೋಪಿ ಹಾಕಿದವರು, ಮಕ್ಕಳ ಗಲಾಟೆ, ಮಿಕ್ಸಿಯ ಸದ್ದು ಎಲ್ಲ ನಿಧಾನವಾಗಿ ಪರಿಚಯ ಆಗಬೇಕು. ರಾತ್ರಿ ಎರಡು ಮೂರು ಸಲ ಏಳಲು ತಯಾರಿರಿ. ನಾಲ್ಕರಿಂದ ಆರು ತಿಂಗಳ ನಡುವೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ. ಆಗ ಚಪ್ಪಲಿ, ಕುರ್ಚಿಯ ಕಾಲು ಯಾವುದೂ ಉಳಿಯುವುದಿಲ್ಲ.

"ದೊಡ್ಡ ನಾಯಿ ನಮಗೆ ಹೊಂದಿಕೊಳ್ಳಲ್ಲ" ಅನ್ನುವ ಮಾತು ಸುಳ್ಳು. ನಮ್ಮ ಮೊದಲನೆಯದು ಬಂದಾಗ ಅದಕ್ಕೆ ಆರು ವರ್ಷ.

ಶೆಲ್ಟರಿನವರು ಇಷ್ಟೊಂದು ಪ್ರಶ್ನೆ ಯಾಕೆ ಕೇಳುತ್ತಾರೆ? ಮನೆಗೂ ಬರುತ್ತಾರಂತೆ.

ಒಮ್ಮೆ ಬಿಟ್ಟುಹೋದವರಿಂದ ನೊಂದ ನಾಯಿ ಮತ್ತೆ ವಾಪಸ್ ಬರಬಾರದು ಅಂತ. ಮನೆಗೆ ಬಂದವರು ಪರದೆ ಸೋಫಾ ನೋಡುವುದಿಲ್ಲ. ಗೇಟಿನ ಸಂದಿ, ಬಾಲ್ಕನಿಯ ಕಂಬಿ, ಕಾಂಪೌಂಡಿನ ಎತ್ತರ ನೋಡುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಜಗಳ ಬಂದ ದಿನ ಉಳಿಯುವುದಿಲ್ಲ.

ಲಸಿಕೆ, ಕಾಯಿಲೆ ಬಗ್ಗೆ ಏನು ಕೇಳಿಕೊಳ್ಳಬೇಕು?

ಕಾಗದ ಕೇಳಿ. ಯಾವ ಲಸಿಕೆ, ಯಾವ ದಿನಾಂಕ, ಜಂತುಹುಳದ ಔಷಧಿ ಯಾವಾಗ ಕೊಟ್ಟದ್ದು, ಸದ್ಯ ಯಾವ ಮಾತ್ರೆ ನಡೆಯುತ್ತಿದೆ. ಕಾಗದ ಇಲ್ಲದ ಲಸಿಕೆ ಹಾಕಿಲ್ಲದ ಹಾಗೆ ಅಂತಲೇ ಇಟ್ಟುಕೊಳ್ಳಿ.

ಮರಿಗಳಿಗೆ ಆರರಿಂದ ಎಂಟನೇ ವಾರದಲ್ಲಿ ಲಸಿಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೇ ವಾರದವರೆಗೆ ನಡೆಯುತ್ತದೆ. ಯಾಕೆ ಇಷ್ಟು ಸಲ ಅಂತ ಕೇಳುತ್ತಾರೆ. ತಾಯಿಯ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಮರಿಯಲ್ಲಿ ಇರುವವರೆಗೂ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದು ಒಂದೊಂದು ಮರಿಗೆ ಒಂದೊಂದು ಹೊತ್ತಿಗೆ ಇಳಿಯುತ್ತದೆ, ಅದಕ್ಕೇ ಮತ್ತೆ ಮತ್ತೆ ಹಾಕುವುದು. ಪಾರ್ವೊ ಮತ್ತು ಡಿಸ್ಟೆಂಪರ್, ಮರಿಗಳನ್ನು ಜಾಸ್ತಿ ಕೊಲ್ಲುವುದು ಈ ಎರಡು ವೈರಸ್ ಕಾಯಿಲೆ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವಂತ ಇರುತ್ತದೆ. ನಿಮ್ಮ ಮನೆಯಲ್ಲಿ ಇತ್ತೀಚೆಗೆ ಪಾರ್ವೊ ಬಂದು ಮರಿ ಸತ್ತಿದ್ದರೆ ಇನ್ನೊಂದು ಮರಿ ತರಲು ಅವಸರ ಮಾಡಬೇಡಿ. ಅದನ್ನು ಶೆಲ್ಟರಿನವರಿಗೆ ಹೇಳಿ, ಲಸಿಕೆ ಪೂರ್ತಿ ಆದ ದೊಡ್ಡ ನಾಯಿಯನ್ನು ಕೇಳಿ.

ರೇಬೀಸ್ ಬಗ್ಗೆ ರಾಜಿ ಬೇಡ. ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯಾಗಲಿ ಮನುಷ್ಯರಾಗಲಿ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ತಂದ ಮೊದಲ ಎರಡು ವಾರದಲ್ಲಿ ಕೆಮ್ಮು ಬಂದರೆ ಗಾಬರಿಯಾಗಬೇಡಿ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕೊಕ್ ಕೊಕ್ ಅಂತ ಕೆಮ್ಮಿ ಕೊನೆಗೆ ನೊರೆ ಉಗುಳುವುದು, ಇದು ಕೆನಲ್ ಕೆಮ್ಮು. ಬಹಳ ನಾಯಿ ಒಟ್ಟಿಗೆ ಇರುವ ಕಡೆ ನೆಗಡಿಯಂತೆ ಹರಡುತ್ತದೆ. ಹೆಚ್ಚಿನವಕ್ಕೆ ತಾನಾಗಿ ವಾಸಿಯಾಗುತ್ತದೆ, ಆದರೂ ಡಾಕ್ಟರಿಗೆ ತೋರಿಸಿ, ಬೇರೆ ನಾಯಿಗಳಿಂದ ದೂರ ಇಡಿ. ಊಟ ಬಿಟ್ಟು ಸುಸ್ತಾಗಿ ಮಲಗಿದರೆ ಮಾತ್ರ ಕಾಯಬೇಡಿ. ಒಸಡು ಬೆಳ್ಳಗಾಗಿದ್ದರೂ ಅಷ್ಟೇ, ಅದು ಉಣ್ಣಿ ಕಚ್ಚಿ ಬರುವ ಜ್ವರ ಇರಬಹುದು. ಅಂದ ಹಾಗೆ ನಾಯಿಯ ಮೈ ನಮಗಿಂತ ಬಿಸಿ. 38ರಿಂದ 39.2 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಮಾಮೂಲಿ. ಕಿವಿ ಮುಟ್ಟಿ ಜ್ವರ ಅಳೆಯಬೇಡಿ.

ಹೃದಯದ ಹುಳದ ಪರೀಕ್ಷೆ ಆಗಿದೆಯಾ ಅಂತಲೂ ಕೇಳಿ. ಇದು ಸೊಳ್ಳೆಯಿಂದ ಬರುತ್ತದೆ. ಸೋಂಕು ತಗುಲಿ ಸುಮಾರು ಆರು ತಿಂಗಳಾಗುವವರೆಗೆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹಾಗಾಗಿ ಈಗ "ಇಲ್ಲ" ಅಂತ ಬಂದರೂ ಆರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸುವುದು ಒಳ್ಳೆಯದು.

ಸಂತಾನಹರಣ ಆಪರೇಷನ್ ಬೇಕೇ ಬೇಕಾ? ಪಾಪ ಅನ್ನಿಸುತ್ತದೆ.

ಪಾಪ ಅನ್ನಿಸುವವರು ಒಂದು ಸಲ ಶೆಲ್ಟರಿನ ಮರಿಗಳ ಕೋಣೆಗೆ ಬನ್ನಿ. ಹೆಣ್ಣು ನಾಯಿ ಹೆಚ್ಚಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಗರ್ಭ ನಿಂತರೆ ಸುಮಾರು 63 ದಿನಕ್ಕೆ ಮರಿ. ಲೆಕ್ಕ ನೀವೇ ಹಾಕಿ. ಆಪರೇಷನ್ ಆಗದ ಹೆಣ್ಣಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವೂ ಇದೆ. ಬೆದೆ ಮುಗಿದ ಕೆಲವು ವಾರದಲ್ಲಿ ನಾಯಿ ವಿಪರೀತ ನೀರು ಕುಡಿಯುತ್ತಾ ಮಂಕಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಓಡಬೇಕು.

ಬಹಳಷ್ಟು ಕಡೆ ಆಪರೇಷನ್ ಮಾಡಿಸಿಯೇ ಕೊಡುತ್ತಾರೆ. ಗಂಡು ನಾಯಿಗೆ ಈಗಷ್ಟೇ ಆಗಿದ್ದರೆ ಒಂದು ಎಚ್ಚರ: ಆಪರೇಷನ್ ಆದ ಕೆಲವು ವಾರ ಅದಿನ್ನೂ ಮರಿ ಹುಟ್ಟಿಸಬಲ್ಲದು.

ಮೈಕ್ರೋಚಿಪ್ ಇದ್ದರೆ ನಾಯಿ ಎಲ್ಲಿದೆ ಅಂತ ಫೋನಿನಲ್ಲಿ ಕಾಣುತ್ತದಾ?

ಇಲ್ಲ. ಅದು ಅಕ್ಕಿಕಾಳಿನಷ್ಟು ದೊಡ್ಡದು, ಭುಜಗಳ ನಡುವೆ ಚರ್ಮದ ಕೆಳಗೆ ಕೂರಿಸಿರುತ್ತಾರೆ. ಬ್ಯಾಟರಿ ಇರುವುದಿಲ್ಲ. ಸ್ಕ್ಯಾನರ್ ಹತ್ತಿರ ಹಿಡಿದಾಗ ಒಂದು ಸಂಖ್ಯೆ ತೋರಿಸುತ್ತದೆ, ಸಾಮಾನ್ಯವಾಗಿ 15 ಅಂಕಿ. ಆ ಸಂಖ್ಯೆಯ ಎದುರು ನಿಮ್ಮ ಫೋನ್ ನಂಬರ್ ದಾಖಲಾಗಿದ್ದರೆ ಮಾತ್ರ ಉಪಯೋಗ. ಹಳೇ ಮಾಲೀಕರ ನಂಬರೇ ಇದ್ದರೆ ಸುಮ್ನೆ. ಕೊರಳಪಟ್ಟಿಗೆ ನಂಬರ್ ಬರೆದ ಬಿಲ್ಲೆಯೂ ಇರಲಿ.

ಮನೆಗೆ ತರುವ ದಿನ ಏನು ಮಾಡಬೇಕು?

ನಾಯಿ ತಪ್ಪಿಸಿಕೊಳ್ಳದ ಹಾಗೆ ನೋಡಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹೊಸ ನಾಯಿಗೆ ನಿಮ್ಮ ಮನೆ ಇನ್ನೂ ಮನೆಯಲ್ಲ. ನೀವು ಕರೆದರೆ ಬರುವುದಿಲ್ಲ, ಓಡಿದರೆ ಎಲ್ಲಿಗೆ ವಾಪಸ್ ಬರಬೇಕು ಅಂತಲೂ ಅದಕ್ಕೆ ತಿಳಿಯದು. ನನ್ನ ಕೈಯಿಂದಲೇ ಒಂದು ತಪ್ಪಿಸಿಕೊಂಡಿತ್ತು. ಕಾರಿನ ಬಾಗಿಲು ತೆಗೆದೆ, ಇನ್ನೊಂದು ಕೈಯಲ್ಲಿ ಬ್ಯಾಗ್ ಇತ್ತು. ನಾಯಿ ತಲೆ ತಗ್ಗಿಸಿ ಹಿಂದಕ್ಕೆ ಜಗ್ಗಿತು, ಕೊರಳಪಟ್ಟಿ ಕಿವಿಯ ಮೇಲಿಂದ ಜಾರಿ ನನ್ನ ಕೈಯಲ್ಲೇ ಉಳಿಯಿತು. ಆ ಖಾಲಿ ಪಟ್ಟಿ ಹಿಡಿದು ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಎರಡು ದಿನ ಹುಡುಕಿದ ಮೇಲೆ ಸಿಕ್ಕಿತು, ಅದೃಷ್ಟ.

ಅಂದಿನಿಂದ ಎರಡು ಹಗ್ಗ. ಒಂದು ಎದೆಗೆ ಹಾಕುವ ಹಾರ್ನೆಸ್‌ಗೆ, ಇನ್ನೊಂದು ಕೊರಳಪಟ್ಟಿಗೆ. ಪಟ್ಟಿಯ ಒಳಗೆ ಎರಡು ಬೆರಳು ತೂರಬೇಕು, ಮೂರು ತೂರಿದರೆ ಸಡಿಲ. ಕಾರಿನ ಬಾಗಿಲು ತೆಗೆಯುವ ಮುಂಚೆ ಹಗ್ಗ ಕೈಗೆ ಸುತ್ತಿಕೊಂಡಿದೆಯಾ ನೋಡಿ. ಮನೆಯ ಬಾಗಿಲಲ್ಲೂ ಅಷ್ಟೇ. ಮೊದಲ ಕೆಲವು ವಾರ ಕಾಂಪೌಂಡಿನ ಒಳಗೂ ಹಗ್ಗದಲ್ಲೇ ಇರಲಿ.

ಅವತ್ತು ನೆಂಟರನ್ನು ಕರೆಯಬೇಡಿ. ಸ್ನಾನ ಮಾಡಿಸಬೇಡಿ. ವಾಸನೆ ಬಂದರೆ ನಾಲ್ಕು ದಿನ ತಡೆದುಕೊಳ್ಳಿ. ನೀರು, ಊಟ, ಒಂದು ಹಾಸಿಗೆ, ಯಾರೂ ಓಡಾಡದ ಒಂದು ಮೂಲೆ, ಇಷ್ಟು ಸಾಕು. ಊಟವನ್ನು ಮೊದಲು ಶೆಲ್ಟರಿನಲ್ಲಿ ಕೊಡುತ್ತಿದ್ದದ್ದನ್ನೇ ಕೊಡಿ. ಬದಲಾಯಿಸಬೇಕಾದರೆ ಹಳೆಯದರ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ ಒಂದು ವಾರ ಹತ್ತು ದಿನ ತೆಗೆದುಕೊಳ್ಳಿ, ಇಲ್ಲದಿದ್ದರೆ ಭೇದಿ ಗ್ಯಾರಂಟಿ.

ತಂದು ಎರಡು ದಿನ ಆಯಿತು. ಮೂಲೆ ಬಿಟ್ಟು ಬರುತ್ತಿಲ್ಲ, ಊಟವನ್ನೂ ಮುಟ್ಟಿಲ್ಲ. ಏನು ಮಾಡಲಿ?

ಮೂಲೆ ಬಿಟ್ಟು ಬರದಿದ್ದರೆ ಏನೂ ಮಾಡದಿರುವುದೇ ಕೆಲಸ, ಮತ್ತು ಅದೇ ಬಲು ಕಷ್ಟ. ಊಟದ ಮಾತು ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ನಮ್ಮ ಎರಡನೆಯ ನಾಯಿಯ ಹೆಸರು ಕರಿ. ಬಂದವಳೇ ವಾಷಿಂಗ್ ಮಷೀನಿನ ಹಿಂದೆ ತೂರಿಕೊಂಡಳು. ಮೂರು ದಿನ ಕಂಡದ್ದು ಮೂಗಿನ ತುದಿ ಮಾತ್ರ. ನೀರಿನ ಬಟ್ಟಲನ್ನು ಹತ್ತಿರ ಸರಿಸಿ, ಸಂಜೆ ಹೊತ್ತು ಸ್ವಲ್ಪ ದೂರದಲ್ಲಿ ಅವಳಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಕರೆಯಲಿಲ್ಲ, ನೋಡಲಿಲ್ಲ. ಎದ್ದು ಹೋಗುವಾಗ ಒಂದು ಚೂರು ಮಾಂಸ ನೆಲದ ಮೇಲೆ ಬಿಡುತ್ತಿದ್ದೆ. ಬೆಳಿಗ್ಗೆ ಅದು ಇರುತ್ತಿರಲಿಲ್ಲ. ನಾಲ್ಕನೇ ರಾತ್ರಿ ಎಚ್ಚರವಾಯಿತು. ಲಪ ಲಪ ನೀರು ಕುಡಿಯುವ ಸದ್ದು. ಆಮೇಲೆ ನೆಲದ ಮೇಲೆ ಉಗುರು, ಟಕ್ ಟಕ್, ನಿಂತಿತು, ಮತ್ತೆ ಟಕ್ ಟಕ್. ಬಾಗಿಲ ಹತ್ತಿರ ನನ್ನ ಚಪ್ಪಲಿಯನ್ನು ಬಹಳ ಹೊತ್ತು ಮೂಸಿದಳು. ನಾನು ಉಸಿರು ಬಿಗಿಹಿಡಿದು ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಎಡಗಾಲಿನ ಚಪ್ಪಲಿ ಮಷೀನಿನ ಹಿಂದೆ. ಒಂದು ಹಲ್ಲಿನ ಗುರುತೂ ಇಲ್ಲ. ಸುಮ್ನೆ ಹತ್ತಿರ ಇಟ್ಟುಕೊಂಡಿದ್ದಳು.

ದೊಡ್ಡ ನಾಯಿ ಹೆದರಿಕೆಯಿಂದ ಒಂದು ದಿನ ಊಟ ಬಿಡುವುದುಂಟು. ಎರಡನೇ ದಿನವೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಇಡೀ ದಿನ ನೀರನ್ನೂ ಕುಡಿಯದಿದ್ದರೆ, ವಾಂತಿ ಭೇದಿ ಇದ್ದರೆ ಎರಡನೇ ದಿನಕ್ಕೂ ಕಾಯಬೇಡಿ. ಮರಿಯಾದರೆ ಅರ್ಧ ದಿನ ಊಟ ಬಿಟ್ಟರೂ ತೋರಿಸಿ.

ಮೊದಲ ವಾರ ಎಷ್ಟು ಸಾಧುವಾಗಿತ್ತು! ಈಗ ಬೊಗಳುತ್ತದೆ, ಸೋಫಾ ಹತ್ತುತ್ತದೆ. ಹಾಳಾಯಿತಾ?

ಈಗ ಸರಿಹೋಗುತ್ತಿದೆ. ಮೊದಲ ವಾರ ನೀವು ನೋಡಿದ್ದು ಸಾಧು ನಾಯಿಯನ್ನಲ್ಲ, ಹೆದರಿ ಕಲ್ಲಾದ ನಾಯಿಯನ್ನು. ನಾಯಿ ಸಾಕುವವರು ಮೂರು-ಮೂರು-ಮೂರು ಅನ್ನುತ್ತಾರೆ: ದಿಗಿಲು ಇಳಿಯಲು ಮೂರು ದಿನ, ಮನೆಯ ರೂಢಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಅದೊಂದು ಅಂದಾಜು ಅಷ್ಟೇ. ಕರಿಗೆ ಎಂಟು ತಿಂಗಳು ಹಿಡಿಯಿತು.

ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ.

ದೊಡ್ಡ ನಾಯಿಯಾದರೂ ಮರಿಯ ಹಾಗೇ ಶುರು ಮಾಡಿ. ಎದ್ದ ಕೂಡಲೇ, ಊಟವಾದ ಕೂಡಲೇ, ಆಟವಾದ ಕೂಡಲೇ ಹೊರಗೆ. ಹೊರಗೆ ಮಾಡಿದ ಆ ಕ್ಷಣಕ್ಕೇ ತಿಂಡಿಯ ಚೂರು ಕೊಡಿ, ಒಳಗೆ ಬಂದ ಮೇಲಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೊಂದು ಸೇರಿಸಿದಷ್ಟು ಗಂಟೆ ತಡೆಯಬಲ್ಲದು ಅಂತ ಒಂದು ಒರಟು ಲೆಕ್ಕ ಇದೆ.

ಮೂತಿಯನ್ನು ಉಚ್ಚೆಗೆ ತಿಕ್ಕುವ ಹಳೇ ಪದ್ಧತಿ ಬಿಟ್ಟುಬಿಡಿ. ನಾಯಿ ಕಲಿಯುವುದು ನಿಮ್ಮೆದುರು ಮಾಡಬಾರದು ಅಂತ ಮಾತ್ರ, ಮುಂದೆ ಮಂಚದ ಹಿಂದೆ ಮಾಡುತ್ತದೆ. ವಾಸನೆ ಉಳಿದರೆ ಮತ್ತೆ ಅಲ್ಲೇ ಮಾಡುವುದರಿಂದ ಎಂಜೈಮ್ ಇರುವ ಕ್ಲೀನರಿನಿಂದ ಒರೆಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ಉಚ್ಚೆಯನ್ನೇ ಹೋಲುತ್ತದೆ. ಇಷ್ಟಾದರೂ ನಿಲ್ಲದಿದ್ದರೆ ಮೂತ್ರದ ಸೋಂಕು ಇದೆಯಾ ನೋಡಿಸಿ.

ಊಟ ಮಾಡುವಾಗ ಹತ್ತಿರ ಹೋದರೆ ಗುರ್ ಅನ್ನುತ್ತದೆ. ಎರಡು ಏಟು ಬಿಡಲಾ?

ದಯವಿಟ್ಟು ಬೇಡ. ಗುರ್ ಅನ್ನುವುದು "ದೂರ ಇರಿ" ಅನ್ನುವ ಮಾತು. ಮಾತಿಗೆ ಹೊಡೆತ ಬಿದ್ದರೆ ಮಾತು ನಿಲ್ಲುತ್ತದೆ, ಸಿಟ್ಟು ನಿಲ್ಲುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ. ಅಷ್ಟಕ್ಕೂ ಗುರ್ ಅನ್ನುವ ಮುಂಚೆಯೂ ಅದು ಬೇಕಾದಷ್ಟು ಹೇಳಿರುತ್ತದೆ: ತುಟಿ ನೆಕ್ಕುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೈ ಸೆಟೆದು ನಿಲ್ಲುವುದು.

ಹಸಿವು ಕಂಡ ನಾಯಿಗೆ ತಟ್ಟೆಯ ಹತ್ತಿರ ಬರುವ ಕೈ ಅಂದರೆ ಕಿತ್ತುಕೊಳ್ಳುವ ಕೈ. ದೂರದಿಂದಲೇ ಹಾದುಹೋಗುತ್ತಾ ತಟ್ಟೆಯ ಕಡೆಗೆ ಇನ್ನೂ ರುಚಿಯಾದ ಚೂರೊಂದನ್ನು ಎಸೆಯಿರಿ, ನಿಲ್ಲದೆ ಹೋಗಿ. ದಿನ ಕಳೆದಂತೆ ನೀವು ಬಂದರೆ ಅದು ತಲೆ ಎತ್ತಿ ಕಾಯುತ್ತದೆ. ಆಗಲೇ ಕಚ್ಚಿದ್ದರೆ, ಮನೆಯಲ್ಲಿ ಮಕ್ಕಳಿದ್ದರೆ, ನೀವೇ ಪ್ರಯೋಗ ಮಾಡದೆ ತಿಳಿದ ತರಬೇತುದಾರರನ್ನು ಕರೆಯಿರಿ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.

ತರಬಹುದು. ಎಷ್ಟೇ ಒಳ್ಳೆಯ ನಾಯಿಯಾದರೂ ಐದಾರು ವರ್ಷದೊಳಗಿನ ಮಗುವಿನ ಜೊತೆ ಅದನ್ನೊಂದನ್ನೇ ಬಿಟ್ಟು ಬೇರೆ ಕೋಣೆಗೆ ಹೋಗಬೇಡಿ. ಮಲಗಿರುವಾಗ, ತಿನ್ನುವಾಗ ಮುಟ್ಟಬಾರದು, ತಬ್ಬಿಕೊಳ್ಳಬಾರದು, ಇದನ್ನು ಮಕ್ಕಳಿಗೆ ಕಲಿಸಿ. ತಬ್ಬುವುದು ನಮಗೆ ಪ್ರೀತಿ, ಬಹಳ ನಾಯಿಗಳಿಗೆ ಉಸಿರು ಕಟ್ಟುವ ಹಿಂಸೆ.

ಆಗಲೇ ಒಂದು ನಾಯಿ ಇದೆ, ಬೆಕ್ಕೂ ಇದೆ. ಜಗಳವಾಡುವುದಿಲ್ವಾ?

ಎರಡು ನಾಯಿಗಳ ಮೊದಲ ಭೇಟಿ ಮನೆಯಲ್ಲಿ ಬೇಡ. ಎರಡಕ್ಕೂ ಸೇರದ ಜಾಗದಲ್ಲಿ ಇಬ್ಬರು ಮನುಷ್ಯರು ಒಂದೊಂದನ್ನು ಹಿಡಿದು, ನಡುವೆ ಅಂತರವಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಮುಖಾಮುಖಿ ನಿಲ್ಲಿಸಬೇಡಿ. ಅರ್ಧ ಗಂಟೆ ನಡೆದ ಮೇಲೆ ಒಂದರ ಹಿಂದೊಂದು ಮನೆಗೆ. ಒಳಗೆ ಹೋಗುವ ಮುಂಚೆ ಮೂಳೆ, ಆಟಿಕೆ, ಊಟದ ಬಟ್ಟಲು ಎಲ್ಲ ಎತ್ತಿಡಿ.

ಬೆಕ್ಕಿಗೆ ಹತ್ತಿ ಕೂರಲು ಎತ್ತರದ ಜಾಗ ಬೇಕು, ನಾಯಿ ಹೋಗಲಾಗದ ಒಂದು ಕೋಣೆ ಬೇಕು. ನಾಯಿ ಬೆಕ್ಕನ್ನು ಕಂಡು ಬಾಲ ಅಲ್ಲಾಡಿಸಿ ಕುಣಿದರೆ ನನಗೆ ಅಷ್ಟು ಭಯವಿಲ್ಲ. ಸದ್ದಿಲ್ಲದೆ ಮೈ ಬಗ್ಗಿಸಿ ರೆಪ್ಪೆ ಬಡಿಯದೆ ನೋಡಿದರೆ ಭಯ.

ಕೆಲಸಕ್ಕೆ ಹೋಗಲೇಬೇಕು. ಒಂಟಿಯಾಗಿ ಬಿಡಬಹುದಾ?

ಅಭ್ಯಾಸ ಮಾಡಿಸಿದರೆ ಬಿಡಬಹುದು. ಒಂದು ವಾರ ರಜೆ ಹಾಕಿ ಇಡೀ ದಿನ ಜೊತೆಗಿದ್ದು, ಎಂಟನೇ ದಿನ ಒಮ್ಮೆಲೇ ಒಂಬತ್ತು ಗಂಟೆ ಬಿಟ್ಟುಹೋಗುವುದೇ ಎಲ್ಲರೂ ಮಾಡುವ ತಪ್ಪು. ಎರಡನೇ ದಿನದಿಂದಲೇ ಎರಡು ನಿಮಿಷ ಹೊರಗೆ ಹೋಗಿ ಬನ್ನಿ. ಐದು ನಿಮಿಷ, ಇಪ್ಪತ್ತು, ಒಂದು ಗಂಟೆ. ಬೀಗದಕೈ ಸದ್ದಿಗೇ ಏದುಸಿರು ಬಿಡುತ್ತಿದ್ದರೆ, ದಿನಕ್ಕೆ ಹತ್ತು ಸಲ ಬೀಗದಕೈ ಕೈಗೆತ್ತಿಕೊಂಡು ಎಲ್ಲೂ ಹೋಗದೆ ಕೂತುಬಿಡಿ. ಬಾಗಿಲು ಪರಚಿ ಉಗುರಲ್ಲಿ ರಕ್ತ ಬರುವಷ್ಟಾದರೆ ಅದು ಹಟವಲ್ಲ, ದಿಗಿಲು. ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರ ಹತ್ತಿರ ಮಾತಾಡಿ.

ಏನು ತಿನ್ನಿಸಬಾರದು?

ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಬೇಯಿಸಿದ ಮೂಳೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಸ್ವಲ್ಪವೇ ಹೋದರೂ ಅಪಾಯ. ನಮ್ಮ ಜ್ವರ, ನೋವಿನ ಮಾತ್ರೆಗಳನ್ನು ನೀವಾಗಿಯೇ ಕೊಡಬೇಡಿ. ತಿಂದುಬಿಟ್ಟರೆ ಲಕ್ಷಣ ಕಾಣುವವರೆಗೆ ಕಾಯದೆ, ಪೊಟ್ಟಣ ಹಿಡಿದುಕೊಂಡೇ ಹೋಗಿ.

ಹುಟ್ಟುಹಬ್ಬಕ್ಕೆ ಗೆಳತಿಗೆ ಉಡುಗೊರೆಯಾಗಿ ಕೊಡೋಣ ಅಂತಿದ್ದೇನೆ.

ಗೆಳತಿಯನ್ನೇ ಕರೆದುಕೊಂಡು ಬನ್ನಿ.

ಎಷ್ಟು ಪ್ರಯತ್ನಪಟ್ಟರೂ ಆಗುತ್ತಿಲ್ಲ. ವಾಪಸ್ ಕೊಟ್ಟರೆ ಬೈಯುತ್ತಾರಾ?

ಒಬ್ಬಿಬ್ಬರು ಮುಖ ಸಿಂಡರಿಸಬಹುದು, ಸಹಿಸಿಕೊಳ್ಳಿ. ಮೊದಲು ಫೋನ್ ಮಾಡಿ ಏನು ತೊಂದರೆ ಅಂತ ಹೇಳಿ, ಎಷ್ಟೋ ಸಲ ಮಾತಿನಲ್ಲೇ ದಾರಿ ಸಿಗುತ್ತದೆ. ಆಗಲೇ ಇಲ್ಲ ಅಂದರೆ ಅದೇ ಶೆಲ್ಟರಿಗೇ ಕೊಡಿ. ಒಪ್ಪಂದದಲ್ಲೂ ಹೆಚ್ಚಾಗಿ ಹಾಗೇ ಬರೆದಿರುತ್ತದೆ. ಪರಿಚಯದವರಿಗೆ ದಾಟಿಸುವುದು, ದೂರ ಬಿಟ್ಟುಬರುವುದು ಮಾತ್ರ ಬೇಡ. ಕೊಡುವಾಗ ನೀವು ಕಂಡದ್ದನ್ನು ಮುಚ್ಚಿಡದೆ ಬರೆದುಕೊಡಿ. ಗುಡುಗಿಗೆ ಹೆದರುತ್ತದೆ, ಸೈಕಲ್ ಕಂಡರೆ ಅಟ್ಟಿಸಿಕೊಂಡು ಹೋಗುತ್ತದೆ, ಬೆನ್ನಿನ ಬುಡ ಕೆರೆದರೆ ಇಷ್ಟ. ಅದನ್ನು ಓದಿದ ಮೇಲೆ ಅದಕ್ಕೆ ಒಪ್ಪುವ ಮನೆ ಹುಡುಕುವುದು ನಮಗೆ ಸುಲಭ.

ಹೆಸರು ಬದಲಾಯಿಸಬಹುದಾ?

ಧಾರಾಳವಾಗಿ. ಶೆಲ್ಟರಿನಲ್ಲಿ ಇಟ್ಟ ಹೆಸರು ಬಹಳ ಸಲ ನಾವು ಅವಸರದಲ್ಲಿ ಇಟ್ಟದ್ದೇ. ಎರಡು ಅಕ್ಷರದ ಹೆಸರಾದರೆ ಕೂಗಲು ಸುಲಭ. ಹೊಸ ಹೆಸರು ಹೇಳಿ, ತಿರುಗಿ ನೋಡಿದ ಕೂಡಲೇ ಒಂದು ಚೂರು ತಿಂಡಿ. ಒಂದೆರಡು ವಾರದಲ್ಲಿ ಹತ್ತಿಬಿಡುತ್ತದೆ. ಆ ಹೆಸರು ಹಿಡಿದು ಬೈಯಬೇಡಿ ಅಷ್ಟೇ. ಬೈಯಲೇಬೇಕು ಅನ್ನಿಸಿದರೆ ಬೇರೆ ಹೆಸರಿಟ್ಟುಕೊಳ್ಳಿ, ನಾವು ಹಾಗೇ ಮಾಡುವುದು.